ಎಡಗೈ ಜಡೆ

ಆಲ್ಕೊಳ ಸರ್ಕಲ್ಲಿನಲ್ಲಿ ಬಲಗೈ ಮುರಿದು
ಇವತ್ತಿಗೆ ಹನ್ನೊಂದು ದಿನ.
ಕಾರು ಸಾಗರ ರಸ್ತೆಯ ಗ್ಯಾರೇಜಿನಲ್ಲಿದೆ,
ನಾನು ಅಡುಗೆಮನೆಯಲ್ಲಿದ್ದೇನೆ.

ಎಂಟೂ ಹತ್ತಕ್ಕೆ ಆಟೋ. ಎಂಟಕ್ಕೆ ಸರಿಯಾಗಿ
ಇನ್ಶೂರೆನ್ಸಿನವನ ಫೋನು:
"ಮೇಡಂ, ಆಗ ಸ್ಪೀಡು ಎಷ್ಟಿತ್ತು?"
ಕುಕ್ಕರಿನ ಕೂಗು ಎಣಿಸುತ್ತಾ
ಮೂವತ್ತು ಅಂದೆ.
ಐವತ್ತಿತ್ತು. ಅವತ್ತು ಎಂಟೂ ಕಾಲಾಗಿತ್ತು.

ಪರ್ಣಿಕಾ ಬೆನ್ನು ಕೊಟ್ಟು ಕೂತಿದ್ದಾಳೆ.
ಜಡೆಯ ಮೂರು ಕಾಲು
ಒಂದು ಕೈಗೆ ಹೇಗೆ ಸಿಗಬೇಕು?
ಒಂದನ್ನು ಹಲ್ಲಲ್ಲಿ ಕಚ್ಚಿಕೊಂಡೆ,
ಕೊಬ್ಬರಿ ಎಣ್ಣೆಯ ರುಚಿ.
ಅವತ್ತು ಬಾಯಲ್ಲಿ ರಕ್ತವಿತ್ತು,
ಡ್ಯಾಶ್‌ಬೋರ್ಡಿನ ತುಂಬ ಚಿತ್ರಾನ್ನ,
ಹಿಂದಿನ ಸೀಟಿನಿಂದ ಒಂದೇ ಮಾತು:
"ಅಮ್ಮ, ಸ್ಕೂಲಿಗೆ ಲೇಟಾಯ್ತಾ?"

ಸೇರಿದ ಜನರೆದುರು ನಕ್ಕುಬಿಟ್ಟಿದ್ದೆ.
ಅತ್ತದ್ದು ಆಮೇಲೆ, ಬಚ್ಚಲಲ್ಲಿ,
ನಲ್ಲಿ ಪೂರ್ತಿ ತಿರುಗಿಸಿ,
ಒಂದು ಬಕೆಟ್ ತುಂಬುವಷ್ಟು ಹೊತ್ತು.

ಜಡೆ ಸೊಟ್ಟಗಾಯಿತು. ಬಿಚ್ಚಲಾ ಅಂದೆ.
ಬೇಡ, ಎಂದಳು, ಕನ್ನಡಿ ನೋಡದೆ
ರಿಬ್ಬನ್ನಿನ ತುದಿ ತಾನೇ ಹಿಡಿದುಕೊಟ್ಟು.

ಆಟೋ ತಿರುವಿಗೆ ಹೋಗುವವರೆಗೂ
ಗೇಟಿನ ಹತ್ತಿರ ನಿಂತಿದ್ದೆ.
ಚಪ್ಪಲಿಯಿಲ್ಲದ ಬಲಗಾಲು
ನೆಲವನ್ನು ಒತ್ತಿ ಹಿಡಿದಿತ್ತು.