ಒಂದು ಪುಟ ಸಾಕು ಅಂದರು

ಅಯ್ಯನೋರು ಫೋನು ಮಾಡಿದ್ದರು:
ನಾಳೆ ಆರಾಧನೆಯಲ್ಲಿ ಓದಲು ಅಜ್ಜಿಯ ಜೀವನಚರಿತ್ರೆ,
ಒಂದು ಪುಟ ಸಾಕು, ಮಾರ್ಜಿನ್ ಬಿಟ್ಟು ಬರಿ.
ಬಾಡಿಗೆ ಕುರ್ಚಿಗಳ ಮೇಲೆ ನೆಂಟರು ತೂಕಡಿಸುತ್ತಿದ್ದಾರೆ.
ನಾನು ಅವಳ ಟ್ರಂಕಿನ ಮೇಲೆ ಕಾಗದ ಇಟ್ಟು ಕೂತಿದ್ದೇನೆ.

ಹೆಸರು ಸಮಾಧಾನಮ್ಮ.
ಸ್ವಭಾವ ಹೆಸರಿನ ಹತ್ತಿರವೂ ಸುಳಿದಿರಲಿಲ್ಲ.
ಹುಟ್ಟಿದ ತಾರೀಕು ಗೊತ್ತಿಲ್ಲ;
ದೀಕ್ಷಾಸ್ನಾನದ್ದು ಗೊತ್ತು, ಅದನ್ನೇ ಎಲ್ಲ ಕಡೆ ಕೊಟ್ಟಿದ್ದಾಳೆ,
ವೋಟಿನ ಚೀಟಿಗೆ, ರೇಷನ್ನಿಗೆ, ಬ್ಯಾಂಕಿಗೆ.
ಸರ್ಕಾರದ ಲೆಕ್ಕದಲ್ಲಿ ನಮ್ಮಜ್ಜಿ
ಹುಟ್ಟಿದ್ದೇ ನೀರಿನಲ್ಲಿ.

ಕಸುಬು: ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ
ನಲವತ್ತೊಂದು ವರ್ಷ
ಕುದಿನೀರಿಗೆ ಬೆರಳಿಟ್ಟು
ಗೂಡಿನ ಎಳೆಯ ತುದಿ ಹುಡುಕುವುದು.
ಸಿಕ್ಕಿದರೆ ಸ್ತೋತ್ರ ಅನ್ನೋಳು,
ತಪ್ಪಿದರೆ ತೆಲುಗಿನಲ್ಲಿ ಬೈಯೋಳು,
ಎರಡೂ ಒಂದೇ ಉಸಿರಲ್ಲಿ.
ಕರ್ತನಿಗೆ ಎರಡು ಭಾಷೆಯೂ ಬರುತ್ತಂತೆ.

ಸಂಜೆ ಸೀರೆಯ ತುಂಬ ಸತ್ತ ಹುಳದ ವಾಸನೆ.
ಅಮ್ಮ ಹೇಳುತ್ತಾಳೆ: ಅದೇ ಕೈ ನನ್ನ ತಲೆ ಮೇಲಿಟ್ಟು
ಪ್ರಾರ್ಥಿಸುವಾಗ ಉಸಿರು ಬಿಗಿ ಹಿಡೀತಿದ್ದೆ,
ಆಮೆನ್ ಬೇಗ ಬರಲಿ ಅಂತ.
ಹೇಳಿ ನಗುತ್ತಾಳೆ. ಆಮೇಲೆ ಆ ನಗು
ಬೇರೆ ಏನೋ ಆಗಿ ಸೆರಗು ಹುಡುಕುತ್ತದೆ.

ಬೆರಳಿನ ಗೆರೆಗಳು ಒಂದೊಂದಾಗಿ ನೀರಿಗೆ ಹೋದವು.
ನ್ಯಾಯಬೆಲೆ ಅಂಗಡಿಯ ಮಿಷನ್ನು
ಹೆಬ್ಬೆಟ್ಟು ಒಲ್ಲೆ ಅಂತು, ತೋರುಬೆರಳು ಒಲ್ಲೆ ಅಂತು,
ಹತ್ತೂ ಒಲ್ಲೆ ಅಂತು.
ಸಾಲಿಗೆ ಸಾಲೇ ನೋಡುತ್ತಿದೆ.
"ಇದರಲ್ಲಿ ನೀವಿಲ್ಲವಜ್ಜಿ," ಅಂದ ಹುಡುಗ.
"ಮೇಲಿನವನ ಪುಸ್ತಕದಲ್ಲಿ ಇದೀನಿ ಬಿಡಪ್ಪಾ,
ನೀನು ಅಕ್ಕಿ ಅಳಿ."
ಅಳೆದ.

ಇದನ್ನು ಬರೆಯಲೇ?

ಸುಗ್ಗಿ ಹಬ್ಬದ ಹರಾಜನ್ನಂತೂ ಬರೆಯುವಂತಿಲ್ಲ.
ಆ ಸಲ ಹಿತ್ತಿಲ ಕುಂಬಳ ಸೊಟ್ಟಗೆ ಬೆಳೆದಿತ್ತು,
ನೆಲ ಹತ್ತಿದ ಕಡೆ ಬಿಳಿಚಿಕೊಂಡಿತ್ತು.
ಹೊತ್ತು ತಂದು ಪೀಠದ ಮುಂದೆ ಇಟ್ಟಳು.
ಕೋಳಿಗೆ ಕೂಗು ಬಿತ್ತು, ಬಾಳೆಗೊನೆಗೆ ಬಿತ್ತು,
ಮೇಷ್ಟ್ರ ಹೆಂಡತಿಯ ಕೇಕಿಗೆ ಮುನ್ನೂರು.
ಕುಂಬಳಕ್ಕೆ: ಹತ್ತು ರೂಪಾಯಿ... ಹತ್ತೇ ರೂಪಾಯಿ...
ಯಾರೂ ಬಾಯಿ ಬಿಡಲಿಲ್ಲ.
ಹಿಂದಿನ ಬೆಂಚಿನಿಂದ ಅಜ್ಜಿಯೇ "ಐವತ್ತು" ಅಂದಳು.
ಎದುರಿಗೆ ಯಾರೂ ಇಲ್ಲ. ಸ್ವಲ್ಪ ತಡೆದು
"ಎಪ್ಪತ್ತು," ಮತ್ತೆ ಅವಳೇ.
ಸಭೆಯೆಲ್ಲ ನಕ್ಕಿತು. ನಾನು ಬೆಂಚಿನಡಿ ಇಳಿದೆ.
ತನ್ನ ಕಾಯಿ ತಾನೇ ಕೊಂಡು ತಲೆಗೇರಿಸಿ
ದಾರಿಯಲ್ಲಿ ಅಂದಳು:
"ಅವನ ಮುಂದೆ ಇಟ್ಟದ್ದು ಹತ್ತಕ್ಕೆ ಹೋಗಬಾರದು ಕಣೋ."
ವಾರವಿಡೀ ಅದರದೇ ಹುಳಿ.
ಒಂದು ದೊಡ್ಡ ಹೋಳು ಪಕ್ಕದ ಮುಬೀನಾಬಿಗೆ,
ಬಾಣಂತಿಗೆ ಕುಂಬಳ ಆಗದು ಅಂತ ಅಲ್ಲಿಂದ ವಾಪಸ್ಸು.

ಮಕ್ಕಳು ಮೂವರು ಅಂತ ಬರೆಯಬೇಕೋ ನಾಲ್ವರು ಅಂತಲೋ.
ಇಸ್ರಾಯೇಲ ಒಂಬತ್ತಕ್ಕೇ ಹೋದ, ಮೆದುಳುಜ್ವರ.
ಆ ವರ್ಷ ಪ್ರತಿ ಭಾನುವಾರ ಗುಡಿಯ ತನಕ ನಡೆದು
ಒಳಗೆ ಹೋಗುತ್ತಿರಲಿಲ್ಲವಂತೆ,
ಹುಣಸೆ ಮರದ ಬುಡದಲ್ಲಿ ಕೂರುತ್ತಿದ್ದಳಂತೆ.
ಯಾಕಜ್ಜಿ ಅಂದಿದ್ದೆ ಒಮ್ಮೆ.
"ಮಾತಾಡೋದಿತ್ತು. ಬೇಕಾದರೆ ಅವನೇ ಹೊರಗೆ ಬರಲಿ ಅಂತ."
ಬಂದನಾ?
"ಮಳೆ ಬಂತು. ಒಳಗೆ ಹೋದೆ."

ಕೊನೆಯ ಸಾಲನ್ನು ಅಯ್ಯನೋರೇ ಹೇಳಿಕೊಟ್ಟಿದ್ದಾರೆ:
ಇಂಥ ದಿನ ಕರ್ತನಲ್ಲಿ ನಿದ್ರೆಹೋದರು.
ಬರೆದೆ. ಹೊಡೆದುಹಾಕಿದೆ.
ನಿದ್ದೆಗೂ ಅವಳಿಗೂ ಆಗಿಬರುತ್ತಿರಲಿಲ್ಲ.
ನಾಲ್ಕಕ್ಕೇ ಎದ್ದು ಗೋಡೆಗೆ ಮುಖ ಮಾಡಿ
ನಮ್ಮೆಲ್ಲರ ಹಾಜರಿ ಕೂಗುತ್ತಿದ್ದಳು ದೇವರಿಗೆ:
ಮುಬೀನಾಬಿಯ ಮೊಣಕಾಲು, ಅಳಿಯನ ಕುಡಿತ,
ಸೊಸೆಯ ಬಸಿರು, ರೀಲಿಂಗ್ ಮನೆ ಯಜಮಾನನ ಸಾಲ,
ಕಟ್ಟಕಡೆಗೆ, ಕೊಂಚ ಎಳೆದು, ನಾನು.
ದುಪ್ಪಟಿಯೊಳಗೆ ನನ್ನ ಹೆಸರು ಬರುವ ತನಕ
ಎಚ್ಚರವಿದ್ದು, ಬಂದ ಮೇಲೆ ಮತ್ತೆ ಮಲಗುತ್ತಿದ್ದೆ.

ಈಗ ನಾಲ್ಕೂಕಾಲು.
ಪುಟದಲ್ಲಿ ಇನ್ನೂ ಜಾಗವಿದೆ.
ಶಾಮಿಯಾನದಲ್ಲಿ ಚಿಕ್ಕಪ್ಪನ ಗೊರಕೆ,
ದೂರದಲ್ಲಿ ಗೂಡಿನ ಮಾರ್ಕೆಟ್ಟಿಗೆ ಹೊರಟ ಟೆಂಪೋ.
ಗೊತ್ತಿದ್ದೂ
ಗೋಡೆಯ ಕಡೆ ಕಿವಿ ಕೊಟ್ಟು ಕೂತಿದ್ದೇನೆ.