ಹಾಳೆಯಂಚಿನ ‘ಯಾಕೆ?’

ಸೆಪ್ಟೆಂಬರಿನ ಕೊನೆ. ಲೇವಾರ್ಡನ್ನಿನಲ್ಲಿ ಬೆಳಗಿನ ಆರು, ಇನ್ನೂ ಕತ್ತಲು.
ಹೆಸ್ಟರ್ ವೀರ್ಸ್ಮಾ ಕಾಫಿಯ ಬಟ್ಟಲು ಬದಿಗಿಟ್ಟು
ಒಡ್ಡುಗಳ ಪಾಠದ ಮೂವತ್ತೊಂದನೆಯ ಉತ್ತರ ತೆರೆದಳು.
ಬರೆದವನು ಬೂನ್‌ಲೋಮ್, ಲಾವೋಸಿನ ಸವನ್ನಾಖೇತದ ಹುಡುಗ,
ಮೆಕಾಂಗ್ ದಂಡೆ ಕುಸಿಯುವ ಬಗ್ಗೆ ನಾಲ್ಕು ಪುಟ.

ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ
ಹೊಗಳಬೇಕೆಂಬುದೇ ಅವಳಿಗೆ ಹೊಳೆಯಲಿಲ್ಲ.
ಅವಳ ಊರಲ್ಲಿ ಕಡ್ಡಿ ಮುರಿದಂತೆ ಹೇಳುವುದೇ ಮರ್ಯಾದೆ;
ಸುತ್ತಿ ಬಳಸಿದರೆ
ಎದುರಿನವರನ್ನು ದಡ್ಡರೆಂದುಕೊಂಡ ಹಾಗೆ.
ಮೂರನೆಯ ಪ್ಯಾರಾದ ಪಕ್ಕ ಕೆಂಪಿನಲ್ಲಿ ಬರೆದಳು:
‘ಬಿದಿರಿನ ತಟ್ಟಿ. ಯಾಕೆ?’
ನಿಜಕ್ಕೂ ತಿಳಿಯಬೇಕಿತ್ತು ಅವಳಿಗೆ,
ಹೊಳೆಯಂಥ ಹೊಳೆಯನ್ನು ಒಂದು ಹೆಣಿಗೆ ತಡೆಯುವ ಬಗೆ.

ಅಲ್ಲಿ ಹನ್ನೊಂದು ಗಂಟೆ.
ಚಿಕ್ಕಮ್ಮನ ಮೊಬೈಲ್ ರಿಪೇರಿ ಅಂಗಡಿಯ ಹಿಂದೆ ಕೂತು
ಆ ಒಂದು ಪದವನ್ನು ಮತ್ತೆ ಮತ್ತೆ ಓದಿದ.
ಅವನು ಕಲಿತ ಶಾಲೆಯಲ್ಲಿ ಮೇಷ್ಟ್ರು ‘ಯಾಕೆ’ ಅಂದರೆ
ಉತ್ತರ ಬೇಡ ಎಂದರ್ಥ. ತಲೆ ತಗ್ಗಿಸು ಎಂದರ್ಥ.
ತಗ್ಗಿಸಿದ.

ಹನ್ನೊಂದು ದಿನ ಅವನ ಹೆಸರಿನ ಮುಂದೆ ಹಸಿರು ಚುಕ್ಕೆ ಹತ್ತಲಿಲ್ಲ.
ಆಮೇಲೆ ಬಂತು ತಿದ್ದಿದ ಪ್ರತಿ:
ತಲೆಗೊಂದು ಕ್ಷಮಾಪಣೆ, ಬುಡಕ್ಕೊಂದು ಕ್ಷಮಾಪಣೆ,
ನಡುವೆ ಬರೀ ಕಾಂಕ್ರೀಟು, ಅವಳದೇ ಪಾಠದಿಂದ ಎತ್ತಿದ್ದು.
ಬಿದಿರಿನ ಒಂದು ಸಿಬಿರೂ ಇರಲಿಲ್ಲ.

‘ಎಲ್ಲಿ ಹೋಯಿತು ಬಿದಿರು?’ ಎಂದು ಟೈಪಿಸಿದಳು.
ಅಳಿಸಿದಳು.
ಪ್ರಶ್ನೆಯ ಚಿಹ್ನೆಗೆ ಕುಡುಗೋಲಿನ ಬಾಗು ಇರುವುದು
ಅವತ್ತೇ ಕಣ್ಣಿಗೆ ಬಿದ್ದದ್ದು.

ಕೊನೆಗೆ ಎಲ್ಲರಿಗೂ ಒಂದು ಫಾರಂ: ಪಾಠ ಹೇಗಿತ್ತು?
ರೋಟರ್‌ಡಾಮಿನವನೊಬ್ಬ ಬರೆದಿದ್ದ: ‘ಬೇಸರ. ಆರನೆಯ ಪಾಠ ದಂಡ.’
ಸರಿ, ಅಂದುಕೊಂಡು ಮುಂದೆ ಹೋದಳು.
ಬೂನ್‌ಲೋಮ್ ಬರೆದಿದ್ದ:
‘ಮೇಡಂ ಬಹಳ ತಿಳಿದವರು. ನಮ್ಮದು ತಗಡಿನ ಮಾಡು.
ಈ ವರ್ಷ ಮಳೆ ಸ್ವಲ್ಪ ಜೋರು.’

ಎರಡು ದಿನ ಅದು ಹವಾಮಾನದ ಸುದ್ದಿ ಎಂದೇ ನಂಬಿದ್ದಳು.
ಮೂರನೆಯ ದಿನ, ಸೈಕಲ್ಲು ಸೇತುವೆ ಏರುವಾಗ,
ಪೆಡಲಿನ ಮೇಲೆ ಕಾಲು ನಿಂತಿತು.
ಅಯ್ಯೋ. ನನ್ನ ಒಂದು ಮಾತೂ ಕೇಳಿಸಿರಲಿಲ್ಲ ಹುಡುಗನಿಗೆ.

ಆ ರಾತ್ರಿ ಬರೆದಳು, ಕೆಂಪಿನಲ್ಲಲ್ಲ:
‘ಹೊಳೆ ಇಳಿದ ಮೇಲೆ, ನಿನಗೆ ಪುರುಸೊತ್ತಾದರೆ,
ಆ ತಟ್ಟಿ ಹೆಣೆಯುವುದನ್ನು ನನಗೆ ಕಲಿಸಬಹುದು.’

ಹಸಿರು ಚುಕ್ಕೆ ಹತ್ತಿತು.
‘ಪ್ರಯತ್ನಿಸುತ್ತೇನೆ ಮೇಡಂ.’

ಇದು ಹೌದೋ, ಇಲ್ಲವೋ,
ಮಳೆಯ ಹಾಗೆ ಇನ್ನೇನೋ.
ಪರದೆ ಆರಿಸದೆ
ಕಾಫಿ ಕಾಯಿಸಲು ಎದ್ದಳು.