ಒಳತಗಡು

ನಾಲ್ಕು ಪದರ ಬಣ್ಣ. ಮೇಲಿನದು ಕೆಂಪು,
ಅದರಡಿ ಹಳದಿ-ನೀಲಿ, ಅದರಡಿ ಮಾಸಲು ಹಸಿರು,
ಎಲ್ಲಕ್ಕೂ ತಳದಲ್ಲಿ ಇಟ್ಟಿಗೆಪುಡಿಯಂಥ ಲೇಪ,
ತುಕ್ಕು ತಡೆಯಲೆಂದು ತುಕ್ಕಿನದೇ ಬಣ್ಣ ಬಳಿದದ್ದು.
ಮರಳು ಕಾರುವ ಕೊಳವೆ ಹಿಡಿದು
ಮೂವತ್ತೇಳು ವರ್ಷದಿಂದ ಈ ಈರುಳ್ಳಿ ಸುಲಿಯುತ್ತಿದ್ದೇನೆ.
ಕಣ್ಣೀರು ಬರುತ್ತದೆ. ಧೂಳಿಗೆ.

ನನಗಿಂತ ಒಂದೇ ವರ್ಷ ಹಿರಿಯಳು ಈ ಬೋಗಿ.
ಕತೋವಿತ್ಸೆಯಿಂದ ಗ್ಲಿವಿತ್ಸೆಗೆ, ಗ್ಲಿವಿತ್ಸೆಯಿಂದ ಕತೋವಿತ್ಸೆಗೆ
ಗಾಣದೆತ್ತಿನ ದುಡಿಮೆ;
ಗಣಿಯ ಮೊದಲ ಪಾಳಿಯವರನ್ನು ಕತ್ತಲಲ್ಲಿ ಹೊತ್ತು
ಕತ್ತಲಲ್ಲೇ ಮರಳಿ ಇಳಿಸಿದವಳು.
ಸೀಟಿನಡಿಯ ಹೀಟರು ಮೀನಖಂಡ ಸುಡುತ್ತಿತ್ತು,
ಕಿಟಕಿ ಸಂದಿಯ ಗಾಳಿ ಕಿವಿ ಕೊಯ್ಯುತ್ತಿತ್ತು,
ಅರ್ಧ ಬೆಂದು ಅರ್ಧ ಹೆಪ್ಪುಗಟ್ಟಿ
ನಾವೆಲ್ಲ ಹಾಗೇ ಬೆಳೆದೆವು.

ಇವತ್ತು ಸೀಟು ಕಿತ್ತೆವು.
ಹಿಂದೆ ಸಿಕ್ಕಿದ್ದು: ಮಗುವಿನ ಒಂಟಿ ಕೈಗವಸು,
ಚಲಾವಣೆ ನಿಂತ ಹತ್ತು ಝ್ವೋತಿ,
ಒಂದು ಕಟ್ಟಿಸಿದ ಹಲ್ಲು.
"ಇದನ್ನ ಯಾರು ಕಳಕೊಂಡು ಸುಮ್ಮನಿದ್ದರು?"
ಉಲ್ಯಾನಾ ನಕ್ಕಳು. ಹಾರ್ಕಿವ್‌ನ ಹುಡುಗಿ.
ಅಲ್ಲಿ ನೆಲದಡಿಯ ನಿಲ್ದಾಣದಲ್ಲಿ, ನಿಂತ ರೈಲಿನೊಳಗೆ
ಎರಡು ತಿಂಗಳು ಮಲಗಿದ್ದಳಂತೆ.
ಬೋಗಿಗಳ ಬಗ್ಗೆ ನನಗಿಂತ ಹೆಚ್ಚು ಗೊತ್ತಿರಬಹುದು ಅವಳಿಗೆ.

ಒಳತಗಡು ಬಿಚ್ಚಿದರೆ ಬಿಳಿ ಬಣ್ಣದಲ್ಲಿ:
ತ್ರೂದಾ. ಅಲೋಯ್ಸ್. ಡಿಸೆಂಬರ್ ೧೯೮೯.
ನನ್ನ ಅಕ್ಷರ ಇಷ್ಟು ದುಂಡಗಿತ್ತೆ?
ಹದಿನೆಂಟು ನನಗಾಗ. ಹೊರಗೆ ಸರಕಾರವೇ ಬದಲಾಗುತ್ತಿತ್ತು,
ನಮಗೆ ಗೊತ್ತಿದ್ದದ್ದು ಗಡುವು ಮಾತ್ರ: ಕ್ರಿಸ್‌ಮಸ್ಸಿಗೆ ಮೊದಲು ಆರು ಬೋಗಿ.
ರಾತ್ರಿಪಾಳಿಯಲ್ಲಿ ಬೆಸುಗೆಯ ಕಿಡಿ ಹಾರಿಸಿ ಅಲೋಯ್ಸ್
"ನೋಡು, ನಿನಗೆಂದೇ ಪಟಾಕಿ" ಎನ್ನುತ್ತಿದ್ದ.
ಆಮೇಲೆ ಬೋಖುಮ್‌ಗೆ ಹೋದ, ಕಾರಿನ ಕಾರ್ಖಾನೆಗೆ.
ಒಂದು ಕಾರ್ಡು ಬಂತು. ಅದರಲ್ಲಿ ಹವಾಮಾನವಷ್ಟೇ ಇತ್ತು.

ಮೇಸ್ತ್ರಿ ಎರ್ವಿನ್ ಬಂದು ತಗಡಿಗೆ ಅಳತೆಯಂತ್ರ ಒತ್ತಿದ.
ಒಂದೂಕಾಲು ಮಿಲಿಮೀಟರು. ಎರಡಿರಬೇಕು.
"ಇದು ಆಗಲ್ಲ ತ್ರೂದಾ, ಗುಜರಿಗೆ. ಉಳಿದೆರಡು ಪಾಸು."
ಕೆಂಪು ಬಣ್ಣದಲ್ಲಿ ಗುಣಾಕಾರದ ಗುರುತು ಹಾಕಿದ,
ಸರಿಯಾಗಿ ಎರಡು ಹೆಸರುಗಳ ನಡುವೆ;
ಬೇಕೆಂದಲ್ಲ. ಅಲ್ಲಿ ಜಾಗವಿತ್ತು.

ತಗಡು ಕತ್ತರಿಸಿಕೊಡಲೆ, ಮನೆಗೊಯ್ಯಲು? ಎಂದಳು ಉಲ್ಯಾನಾ.
ಬೇಡವೆಂದೆ. ಎಲ್ಲಿಡಲಿ ತುಕ್ಕನ್ನು?
ಕೊಂಡಿ, ಬ್ರೇಕಿನ ಪಿಸ್ಟನ್ನು, ಬಾಗಿಲ ಹಿಡಿ ಬಿಚ್ಚಿಕೊಂಡೆವು,
ಉಳಿದೆರಡಕ್ಕೆ ಬಂದೀತು ಎಂದು.

ಮೇ ತಿಂಗಳಲ್ಲಿ ಹೊರಟವು ಆ ಎರಡು,
ನಡುವೆ ಹೊಸದೊಂದನ್ನು ಕೂಡಿಸಿಕೊಂಡು.
ಮೆತ್ತನೆ ಸೀಟು, ಫೋನಿಗೆ ಕರೆಂಟು,
ನಿಲ್ದಾಣದ ಹೆಸರು ಹೇಳಲು
ಎಂದೂ ಕೆಮ್ಮದ ಹೆಂಗಸಿನ ದನಿ.
ಮೊದಲ ವಾರವೇ ದೂರು ಬಂತು, ಒಂದೇ ಒಂದು.
ರಾತ್ರಿ ಕಾವಲುಗಾರ ಆಲ್ಫನ್ಸ್ ಕೊತೂಲಾ ಬರೆದಿದ್ದ:
ಝಾಬ್ಜೆಯ ತಿರುವಿನಲ್ಲಿ ಬೋಗಿ ಕಿರುಚುತ್ತಿತ್ತು,
ಇಪ್ಪತ್ತು ವರ್ಷ ಆ ಕಿರುಚಾಟಕ್ಕೇ ಎದ್ದು ಇಳಿದಿದ್ದೇನೆ.
ಈಗ ಸದ್ದೇ ಇಲ್ಲ.
ಮೂರು ದಿನದಿಂದ ಗ್ಲಿವಿತ್ಸೆಯಲ್ಲಿ ಕಣ್ಣು ಬಿಡುತ್ತಿದ್ದೇನೆ.
ದಯವಿಟ್ಟು ಏನಾದರೂ ಮಾಡಿ.

ಎರ್ವಿನ್ ಅದನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದ.
ಎಲ್ಲರೂ ನಕ್ಕರು, ನಾನೂ.

ಮುಂದಿನ ಬೋಗಿಯ ಒಳತಗಡು ಮುಚ್ಚುವ ಮೊದಲು
ಉಲ್ಯಾನಾ ಕೈಗೆ ಕುಂಚ ಕೊಟ್ಟೆ.
ಬರೆದಳು, ತನ್ನ ಲಿಪಿಯಲ್ಲಿ, ತುಂಬಾ ಹೊತ್ತು.
ಶಾಲೆಯಲ್ಲಿ ಬೆತ್ತದ ಭಯಕ್ಕೆ ಕಲಿತ ಅಕ್ಷರ,
ಓದಬಹುದಿತ್ತು.
ಅತ್ತ ತಿರುಗಿ ಡಬ್ಬಿಯ ಸ್ಕ್ರೂ ಎಣಿಸಿದೆ.
ಹದಿನಾರು ಬೇಕು.
ಹದಿನೈದಿದ್ದವು.